ಕಿಹೇ ಅಜ್ಜನ ಕಿವಿಗೊಂದು ರಿಂಗ್‌ಟೋನ್

"ಈಗ ಕೇಳಿಸ್ತಾ ಅಜ್ಜಾ?"

"ಓಹೋ, ಕೇಳಿಸ್ತು! ಚೆನ್ನಾಗೇ ಕೇಳಿಸ್ತು!"

ಚಿಗುಸಾ ಅಜ್ಜನ ಮಡಿಸುವ ಫೋನಿನ ಗುಂಡಿಯ ಮೇಲೆ ಬೆರಳಿಟ್ಟಿದ್ದಳು ಅಷ್ಟೆ. ಇನ್ನೂ ಒತ್ತಿರಲೇ ಇಲ್ಲ.

ಕಿಹೇ ಅಜ್ಜ ಅವಳಿಗೆ ಬೆನ್ನು ಹಾಕಿ, ಬೋರಲು ಹಾಕಿದ ಸೋಯಾಕಾಳಿನ ಡಬ್ಬದ ಮೇಲೆ, ಪರೀಕ್ಷೆಗೆ ಕೂತ ಹುಡುಗನ ಹಾಗೆ ನೆಟ್ಟಗೆ ಕೂತಿದ್ದ. ಫೋನಿನೊಳಗೆ ಹದಿನೇಳು ರಿಂಗ್‌ಟೋನ್ ಇದ್ದವು. ಹದಿನಾರಕ್ಕೂ ಅಜ್ಜ "ಕೇಳಿಸ್ತು" ಎಂದಿದ್ದ. ಹೇಗೆಂದು ಈಗ ಗೊತ್ತಾಯಿತು. ಅವನ ಎದುರಿಗೇ ತೋಫು, ಅಂದರೆ ಸೋಯಾ ಪನೀರು, ಮುಳುಗಿಸಿಡುವ ಸ್ಟೀಲಿನ ತೊಟ್ಟಿ ಥಳಥಳ ಹೊಳೆಯುತ್ತಿತ್ತು. ಅದರಲ್ಲಿ ಚಿಗುಸಾಳ ಕೈ ಕಾಣುತ್ತಿತ್ತು.

"ಅಜ್ಜಾ, ಮೋಸ! ತೊಟ್ಟಿಯಲ್ಲಿ ನೋಡಿ ಹೇಳ್ತಿದೀಯ!"

"ಮೋಸ ಎಂಥದೇ? ಕಿವೀಲಾದ್ರೇನು, ಕಣ್ಣಲ್ಲಾದ್ರೇನು, ಗೊತ್ತಾದ್ರೆ ಸೈ."

ಬೇರೆ ದಿನವಾಗಿದ್ದರೆ ಚಿಗುಸಾ ಬಿದ್ದು ಬಿದ್ದು ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ. ಇವತ್ತು ಬುಧವಾರ. ಶನಿವಾರಕ್ಕೆ ಉಳಿದಿದ್ದು ಮೂರೇ ದಿನ.

ಸಂಗತಿ ಇಷ್ಟು. ಜಪಾನಿನ ಹಮಾಮಾತ್ಸು ಊರಿನ ಇಳಿಜಾರು ಬೀದಿಗಳಲ್ಲಿ ಅಜ್ಜ ನಲವತ್ತಮೂರು ವರ್ಷದಿಂದ ಸೈಕಲ್ ಮೇಲೆ ತೋಫು ಮಾರುತ್ತಿದ್ದ. ಸಂಜೆಯಾದರೆ ಸಾಕು, ಕೈಯಲ್ಲೊಂದು ಹಿತ್ತಾಳೆ ತುತ್ತೂರಿ. ಅದು "ತೋ... ಫೂ..." ಎಂದರೆ ಹೆಂಗಸರು ಪಾತ್ರೆ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಹೋದ ತಿಂಗಳು ಮಳೆಯಲ್ಲಿ ಸೈಕಲ್ ಜಾರಿತು. ಅಜ್ಜ ಕಾಲು ಸಿಕ್ಕಿಸಿಕೊಂಡು ಒಂದು ಗಂಟೆ ರಸ್ತೆ ಬದಿಯಲ್ಲಿ ಬಿದ್ದಿದ್ದ. ಅಪ್ಪ ಹನ್ನೊಂದು ಸಲ ಫೋನ್ ಮಾಡಿದ್ದರು. ಹನ್ನೊಂದು ಸಲವೂ ಅದು ಅಜ್ಜನ ಜೇಬಿನಲ್ಲೇ ಬಡಿದುಕೊಂಡಿತ್ತು. ಅಜ್ಜನಿಗೆ ಒಂದೂ ಕೇಳಿರಲಿಲ್ಲ.

ಅವತ್ತು ಅಪ್ಪ ಹೇಳಿಬಿಟ್ಟರು: "ಕಾಲು ವಾಸಿ ಆಗ್ಲಿ. ಆಮೇಲೊಂದು ಶನಿವಾರ, ನೀವು ಬೀದೀಲಿರುವಾಗ ಒಂದೇ ಒಂದು ಸಲ ಫೋನ್ ಮಾಡ್ತೀನಪ್ಪಾ. ಎತ್ತಿದ್ರೆ ಸರಿ. ಎತ್ತಲಿಲ್ಲವೋ, ಸೈಕಲ್ಲಿಗೆ ಬೀಗ!"

ಅಜ್ಜ ಅವತ್ತು ರಾತ್ರಿ ಊಟವನ್ನು ಅರ್ಧಕ್ಕೇ ಬಿಟ್ಟಿದ್ದ. ಚಿಗುಸಾ ನೋಡಿದ್ದಳು.

ಬುಧವಾರ ಸಂಜೆ ತಮಾಕಿ ಅತ್ತೆ ಬಂದಳು. ಅತ್ತೆ ಅಂದರೆ ಅಪ್ಪನ ತಂಗಿ, ಅಜ್ಜನ ಕಿರಿಮಗಳು. ಮೊಬೈಲ್ ಫೋನುಗಳಿಗೆ ದನಿ ಕೊಡುವ ಚಿಪ್ ತಯಾರಿಸುವ ಆಫೀಸಿನಲ್ಲಿ ಅವಳಿಗೆ ಕೆಲಸ. ಆ ವರ್ಷ ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲಿ ನೋಡಿದರೂ ಜನರ ಜೇಬುಗಳೇ ಹಾಡುತ್ತಿದ್ದವು. ಅತ್ತೆ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು, ಅದಕ್ಕೊಂದು ಹಸಿರು ಸರ್ಕ್ಯೂಟ್ ಹಲಗೆ ಸಿಕ್ಕಿಸಿದಳು. ಹಲಗೆಯ ನಡುವೆ ಕಿರುಬೆರಳಿನ ಉಗುರಿಗಿಂತ ಚಿಕ್ಕದೊಂದು ಕರಿ ಚೌಕ ಕೂತಿತ್ತು.

"ಇದರೊಳಗೆ ಏನಿದೆ ಹೇಳೇ ಚಿಗು."

"ಪುಟ್ಟ ಪುಟ್ಟ ಗಂಟೆ?"

"ಒಂದೂ ಇಲ್ಲ."

"ಕ್ಯಾಸೆಟ್ ಥರ ಏನಾದ್ರೂ?"

"ಊಹೂಂ. ಬರೀ ಲೆಕ್ಕ."

"ಅಯ್ಯೋ!" ಎಂದಳು ಚಿಗುಸಾ. ಲೆಕ್ಕ ಅಂದರೆ ಅವಳಿಗೆ ಆಗುತ್ತಿರಲಿಲ್ಲ.

"ಅಯ್ಯೋ ಅನ್ಬೇಡ, ಕೇಳು. ಇದು ಒಂದು ಅಲೆ. ಇದು ಹಾಡ್ತದೆ."

ಪೀ... ಎಂದಿತು ಹಲಗೆ. ಉಪ್ಪಿಲ್ಲದ ಸಾರಿನ ಹಾಗೆ ಸಪ್ಪೆ ದನಿ.

"ಇನ್ನೊಂದು ಅಲೆ ತರ್ತೀನಿ ನೋಡು. ಅದು ಹಾಡಲ್ಲ. ಹಾಡ್ತಿರೋದರ ಭುಜ ಹಿಡಿದು ಅಲ್ಲಾಡಿಸ್ತದೆ, ಅಷ್ಟೇ ಅದರ ಕೆಲಸ."

ಅತ್ತೆ ಒಂದು ಅಂಕಿ ಬದಲಿಸಿದಳು. ಸಪ್ಪೆ ದನಿ ಮೆಲ್ಲಗೆ ದಪ್ಪವಾಯಿತು, ಕೊಳಲಾಯಿತು. ಇನ್ನೊಂದು ಅಂಕಿಗೆ ಪಿಟೀಲಾಯಿತು. ಮತ್ತೊಂದಕ್ಕೆ ಢಣ್ ಎಂದು ದೇವಸ್ಥಾನದ ದೊಡ್ಡ ಗಂಟೆ! ಚಿಗುಸಾ ಬೆಚ್ಚಿ ಹಿಂದೆ ತಿರುಗಿ ನೋಡಿದಳು. ಅಡುಗೆಮನೆಯಲ್ಲಿ ಗಂಟೆ ಎಲ್ಲಿಂದ ಬರಬೇಕು? ಮೇಜಿನ ಮೇಲೆ ಅದೇ ಕರಿ ಚೌಕ, ಏನೂ ಗೊತ್ತಿಲ್ಲದವರ ಹಾಗೆ ತೆಪ್ಪಗೆ ಕೂತಿತ್ತು. ಅವಳಿಗೆ ಮೈ ಜುಮ್ಮೆಂದಿತು.

"ಇನ್ನೊಂದ್ಸಲ ಅತ್ತೆ! ಗಂಟೆ, ಗಂಟೆ!"

ಹತ್ತು ಸಲ ಗಂಟೆ ಹೊಡೆಯಿತು. ಪ್ರತಿ ಸಲವೂ ಚಿಗುಸಾ ಆ ಚೌಕವನ್ನೇ ಬಾಗಿ ನೋಡಿದಳು. ಒಂದು ಎಳ್ಳಿನಷ್ಟೂ ಅದು ಅಲುಗಲಿಲ್ಲ. ಅಷ್ಟು ಚಿಕ್ಕದರೊಳಗೆ ಅಷ್ಟು ದೊಡ್ಡ ಗಂಟೆಯನ್ನು ಲೆಕ್ಕವೊಂದೇ ಎರಕ ಹೊಯ್ಯುತ್ತದೆ ಅಂದರೆ! ಶಾಲೆಯ ಲೆಕ್ಕದ ಪುಸ್ತಕದಲ್ಲಿ ಇದನ್ನು ಯಾಕೆ ಯಾರೂ ಹೇಳಿರಲಿಲ್ಲವೋ.

ಆಮೇಲೆ ಅತ್ತೆ ಅಜ್ಜನ ಕಿವಿ ಪರೀಕ್ಷೆಗೆ ಕೂತಳು. ದನಿಯನ್ನು ಒಂದೊಂದೇ ಮೆಟ್ಟಿಲು ಮೇಲೆ ಹತ್ತಿಸಿದಳು. ಮೊದಮೊದಲು ಅಜ್ಜ ಕೈ ಎತ್ತುತ್ತಿದ್ದ. ಇನ್ನಷ್ಟು ಹತ್ತಿಸಿದಾಗ ಚಿಗುಸಾ "ಸಾಕು, ಕಿವೀಗೆ ಚುಚ್ತದೆ!" ಎಂದು ಕಿವಿ ಮುಚ್ಚಿಕೊಂಡಳು. ಅಜ್ಜ ಆರಾಮಾಗಿ ಮೂಲಂಗಿ ಉಪ್ಪಿನಕಾಯಿ ಕಚ್ಚುತ್ತಾ, "ಏನು, ಕರೆಂಟ್ ಹೋಯ್ತಾ?" ಎಂದು ಕೇಳಿದ.

ಅತ್ತೆಯ ಮುಖ ಸಣ್ಣದಾಯಿತು.

"ಈ ಫೋನಿನೊಳಗೆ ಇರೋದೂ ನಾವು ಮಾಡಿದ ಚಿಪ್ಪೇ ಕಣೇ" ಎಂದಳು ಚಿಗುಸಾಗೆ ಮಾತ್ರ ಕೇಳುವ ಹಾಗೆ. "ಊರಿಗೆಲ್ಲ ಹಾಡು ಕೇಳಿಸಿದೆ. ನನ್ನಪ್ಪನಿಗೆ ಕೇಳುತ್ತಾ ಅಂತ ಒಂದಿನಾನೂ ಕೇಳಲಿಲ್ಲ."

"ತುಂಬಾ ತಗ್ಗಿನ ದನಿ ಹಾಕಿದ್ರೆ?"

"ಇಷ್ಟು ಪುಟ್ಟ ಸ್ಪೀಕರ್ರಿಗೆ ತಗ್ಗು ದನಿ ಏಳಲ್ಲ. ನಡುವಿನ ದನಿ ಹಾಕಬೇಕು. ಆದರೆ ಬೀದಿಯ ಗಲಾಟೆ ಎಲ್ಲ ಇರೋದೂ ಆ ನಡುವಿನಲ್ಲೇ. ಅಷ್ಟರಲ್ಲೂ ಅಪ್ಪನ ಕಿವಿ ಗುರುತು ಹಿಡಿಯೋ ಸದ್ದು ಯಾವುದಿದೆಯೋ..."

"ತುತ್ತೂರಿ!" ಎಂದು ಚಿಗುಸಾ ಕುಪ್ಪಳಿಸಿದಳು. "ಅಜ್ಜನ ತುತ್ತೂರಿ! ಅದನ್ನ ಗುರುತು ಹಿಡೀದೆ ಇರ್ತಾನಾ?"

ಅತ್ತೆ ಅರ್ಧ ಗಂಟೆ ಅಂಕಿಗಳ ಜೊತೆ ಗುದ್ದಾಡಿದಳು. ತಂತಿ ಸಿಕ್ಕಿಸಿ ಹೊಸ ದನಿಯನ್ನು ಅಜ್ಜನ ಫೋನಿಗೆ ತುಂಬಿದಳು. "ಒಳಗೆ ಏನು ಹಾಕಿದೀವಿ ಅಂತ ಅಪ್ಪನಿಗೆ ಹೇಳ್ಬೇಡ. ಹೇಳದೇ ಗೊತ್ತಾದ್ರೇನೇ ಗೆದ್ದ ಹಾಗೆ" ಎಂದಳು.

ಗುರುವಾರ ಶಾಲೆ ಬಿಟ್ಟ ಮೇಲೆ ಚಿಗುಸಾ ಅತ್ತೆಯ ಫೋನ್ ಹಿಡಿದು ಅಂಚೆ ಡಬ್ಬದ ಹಿಂದೆ ಅವಿತು ನಿಂತಳು. ಅಜ್ಜ ಸೈಕಲ್ ತುಳಿಯುತ್ತಾ ಬಂದ. ತುತ್ತೂರಿ ಕತ್ತಿನಲ್ಲಿ ತೂಗುತ್ತಿತ್ತು. ಅವಳು ಗುಂಡಿ ಒತ್ತಿದಳು.

ಅಜ್ಜನ ಜೇಬು "ತೋ... ಫೂ..." ಎಂದಿತು.

ಅಜ್ಜ ತಟ್ಟನೆ ಬ್ರೇಕ್ ಹಾಕಿದ! ಕತ್ತೆತ್ತಿದ! ಕೇಳಿಸಿದೆ! ಚಿಗುಸಾ ಇನ್ನೇನು ಕುಣಿಯಬೇಕು, ಅಷ್ಟರಲ್ಲಿ ಅಜ್ಜನ ಮುಖ ಕೆಂಪೇರಿತು.

"ಯಾವನೋ ಅವನು? ನನ್ನ ಬೀದೀಲಿ ಬಂದು ತುತ್ತೂರಿ ಊದೋನು!"

"ತೋ... ಫೂ..." ಎಂದಿತು ಜೇಬು ಮತ್ತೆ.

"ಬಂದೆ ಇರು, ನಿನ್ನ ತೋಫು ಪುಡಿ ಮಾಡ್ತೀನಿ!"

ಎಪ್ಪತ್ತೆರಡು ವರ್ಷದ ಅಜ್ಜ ಇಲ್ಲದ ಕಳ್ಳನ ಬೆನ್ನು ಹತ್ತಿ ಇಳಿಜಾರಿನಲ್ಲಿ ಬಾಣದಂತೆ ಹೋದ. ತಾನು ಹೋದಲ್ಲೆಲ್ಲ ಕಳ್ಳನ ತುತ್ತೂರಿಯೂ ಜೊತೆಗೇ ಬರುತ್ತಿದೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಇಬ್ಬರು ಹೆಂಗಸರು ಪಾತ್ರೆ ಹಿಡಿದು ಹೊರಗೆ ಬಂದು, ದೂರವಾಗುತ್ತಿದ್ದ ಸೈಕಲ್ ನೋಡಿ ಬಾಯಿ ಬಿಟ್ಟುಕೊಂಡು ನಿಂತರು.

ಆ ಸಂಜೆ ಅಜ್ಜ ಏದುಸಿರು ಬಿಡುತ್ತಾ ಮನೆಗೆ ಬಂದ. "ಸಿಗಲಿಲ್ಲ ಬಡ್ಡೀಮಗ. ಒಳ್ಳೆ ತುತ್ತೂರಿ ಇಟ್ಕೊಂಡಿದಾನೆ, ಥೇಟ್ ನಂದೇ" ಎಂದ. ಅತ್ತೆ ಹೊಟ್ಟೆ ಹಿಡಿದು ನಕ್ಕಳು. ಚಿಗುಸಾ ಮಾತ್ರ ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಕೇಳಿಸಿಯೂ ಎತ್ತಲಿಲ್ಲವಲ್ಲ! ಇನ್ನು ಉಳಿದದ್ದು ಒಂದೇ ದಿನ.

ಶುಕ್ರವಾರ ಅವಳು ಸೈಕಲ್ ಹಿಂದೆಯೇ ನಡೆದಳು. ಬೇರೇನೂ ಮಾಡಲಿಲ್ಲ, ಬರೀ ಕಿವಿಗೊಟ್ಟು ನಡೆದಳು. ಲಾರಿ ಹಾರ್ನ್ ಹೊಡೆಯಿತು. ಅಜ್ಜ ತಿರುಗಲಿಲ್ಲ. ಮಕ್ಕಳು ಚೀರಿದರು, ನಾಯಿ ಬೊಗಳಿತು, ರೈಲ್ವೆ ಗೇಟು ಕಣಕಣ ಎಂದಿತು. ಅಜ್ಜ ತನ್ನ ಪಾಡಿಗೆ ತಾನು ತುಳಿಯುತ್ತಿದ್ದ. ತುತ್ತೂರಿಯನ್ನೂ ಅವನು ಕೇಳುತ್ತಿರಲಿಲ್ಲ, ಊದುತ್ತಿದ್ದ. ಕೇಳುವವರು ಬೇರೆ.

ಸಾರ್ವಜನಿಕ ಸ್ನಾನಗೃಹದ ಚಿಮಣಿ ಇರುವ ಓಣಿಯಲ್ಲಿ ಅಜ್ಜ ಇದ್ದಕ್ಕಿದ್ದಂತೆ ಸೈಕಲ್ ನಿಲ್ಲಿಸಿದ.

ಯಾಕೆ ನಿಂತ? ಚಿಗುಸಾಗೆ ಏನೂ ಕೇಳಿಸಿರಲಿಲ್ಲ. ಉಸಿರು ಬಿಗಿಹಿಡಿದು ಆಲಿಸಿದಳು. ಟಣ್ ಟಣ್. ಮೂರು ಮನೆ ಆಚೆ, ಕಿಟಕಿಯೊಳಗೆ, ಅಲ್ಯೂಮಿನಿಯಂ ಪಾತ್ರೆಗೆ ಯಾರೋ ಸೌಟಿನಿಂದ ಬಡಿಯುತ್ತಿದ್ದರು.

"ಬಂದೆ ಬಂದೆ, ಸುಗಿಯಮ್ಮಾ!" ಎನ್ನುತ್ತಾ ಅಜ್ಜ ಇಳಿದ.

ಸುಗಿ ಅಜ್ಜಿಗೆ ಮಂಡಿ ನೋವು, ಬಾಗಿಲಿಗೆ ಬರಲಾಗದು. ಆಮೇಲೆ ಇನ್ನೂ ನಾಲ್ಕು ಕಡೆ ಹಾಗೆಯೇ ಆಯಿತು. ಒಂದು ಕಡೆ ಬೋಗುಣಿ, ಒಂದು ಕಡೆ ಮುಚ್ಚಳ. ಪ್ರತಿ ಸಲವೂ ಚಿಗುಸಾಳಿಗಿಂತ ಮೊದಲೇ ಅಜ್ಜನಿಗೆ ಗೊತ್ತಾಗುತ್ತಿತ್ತು. ಆರನೆಯ ಸಲಕ್ಕೆ ಅವಳು ಕಾಯಲಿಲ್ಲ. ಒಂದೇ ಉಸಿರಿಗೆ ಅತ್ತೆಯ ಬಳಿ ಓಡಿದಳು.

"ಪಾತ್ರೆ! ಅತ್ತೆ, ಪಾತ್ರೆ ಬೇಕು!"

ಮನೆಯ ಪಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿದು ಒಂದೊಂದನ್ನೇ ಬಡಿದು ನೋಡಿದರು. ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದಳು, ಕಣ್ಣು ತೆರೆದು ಅಂಕಿ ಒತ್ತುತ್ತಿದ್ದಳು.

"ಎರಡು ಅಲೆ ಹೊಂದಿಕೊಂಡು ಹೋದರೆ ಕೊಳಲು, ತುತ್ತೂರಿ. ಹೊಂದಿಕೊಳ್ಳದೆ ಜಗಳ ಆಡಿದರೆ ಲೋಹ" ಎಂದಳು. "ಎಷ್ಟು ಜಗಳ ಬೇಕು ಅನ್ನೋದೇ ಲೆಕ್ಕ."

ಮೊದಲು ಬಂದದ್ದು ಸೈಕಲ್ ಬೆಲ್. ಆಮೇಲೆ ಒಡೆದ ಗಾಜು. ಆಮೇಲೆ, ಊಟದ ಹೊತ್ತಿಗೆ ಸರಿಯಾಗಿ, ಟಣ್ ಟಣ್. ಮೇಜಿನ ಮೇಲೆ ಅಷ್ಟೊಂದು ಪಾತ್ರೆಗಳು ಸುಮ್ಮನೆ ಕೂತಿದ್ದವು. ಅವುಗಳ ನಡುವೆ ಯಾರ ಮನೆಯಲ್ಲೂ ಇಲ್ಲದ ಒಂದು ಪಾತ್ರೆ ಸದ್ದು ಮಾಡುತ್ತಿತ್ತು. ಚಿಗುಸಾ ಬೆರಳ ತುದಿಯಿಂದ ಆ ಕರಿ ಚೌಕವನ್ನು ಮುಟ್ಟಿದಳು. ಅದು ಬೆಚ್ಚಗಿತ್ತು.

ಶನಿವಾರ ಬಂತು. ಚಿಗುಸಾ ಬೀದಿಗೆ ಹೋಗಕೂಡದೆಂದು ಅಪ್ಪನ ಕಟ್ಟಪ್ಪಣೆ. "ನೀನು ಹೋದ್ರೆ ಸನ್ನೆ ಮಾಡ್ತೀಯ, ನಂಗೊತ್ತಿಲ್ವಾ?" ಎಂದರು. ಐದು ಗಂಟೆಗೆ ತಮ್ಮ ತೋಫು ಅಂಗಡಿಯ ಫೋನಿನ ಮುಂದೆ ನಿಂತರು. ಹೊಸ ಬೀಗ ಪಕ್ಕದಲ್ಲೇ ಇತ್ತು. ಚಿಗುಸಾ ಅಪ್ಪನ ತೋಳಿಗೆ ಜೋತುಬಿದ್ದು ರಿಸೀವರಿಗೆ ಕಿವಿ ಕೊಟ್ಟಳು.

ಒಂದು ರಿಂಗು. ಎರಡು. ಮೂರು. ನಾಲ್ಕು. ಐದು. ಆರು. ಅಪ್ಪ ನಿಟ್ಟುಸಿರು ಬಿಟ್ಟರು. ಏಳು. ಎಂಟು.

"ಬಂದೆ ಬಂದೆ! ಎಲ್ಲಿದೀರಮ್ಮಾ? ಯಾವ ಮನೆ? ಪಾತ್ರೆ ಬಡಿಯೋದು ಕೇಳ್ತು, ಮುಖ ಕಾಣಲಿಲ್ಲ... ನೋಡಿದ್ರೆ ಜೇಬಲ್ಲಿತ್ತಲ್ಲೇ ಇದು!" ಮತ್ತೆ ಗರಗರ ಸದ್ದು. "ಹಲೋ! ಎಷ್ಟು ಕೊಡ್ಲಿ?"

ಅಪ್ಪ, "ಅಪ್ಪಾ, ನಾನು" ಎಂದರು.

"ನೀನಾ? ಅಂಗಡಿ ತುಂಬ ತೋಫು ಇಟ್ಕೊಂಡು ನನ್ನನ್ಯಾಕೋ ಕೇಳ್ತೀಯ?"

"ತೋಫು ಅಲ್ಲಪ್ಪ, ಇವತ್ತು ಶನಿವಾರ... ಫೋನ್ ಮಾಡ್ತೀನಿ ಅಂದಿದ್ನಲ್ಲ..."

"ಓ ಅದಾ! ಎತ್ತಿದೆನಲ್ಲ? ಸರಿ ಹಾಗಾದ್ರೆ, ಇಲ್ಲಿ ಜನ ಕಾಯ್ತಿದಾರೆ."

ಅಜ್ಜ ಫೋನನ್ನು ಮಡಿಸದೆ ಹಾಗೆಯೇ ಜೇಬಿಗೆ ಇಳಿಸಿದ. ಮಡಿಸಿದರೆ ಮಾತ್ರ ಅದು ನಿಲ್ಲುತ್ತದೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ರಿಸೀವರಿನೊಳಗೆ ಸೈಕಲ್ ಚೈನು ಕಟಕಟ ಎಂದಿತು. ತುತ್ತೂರಿ ಊದಿತು. ಬಾಗಿಲು ಸರಿಯಿತು. "ಇವತ್ತು ಬೇಗ ಬಂದ್ರಲ್ಲ ಕಿಹೇಯವರೇ, ಕಾಲು ಹೇಗಿದೆ?" "ನನ್ನ ಕಾಲು ಬಿಡಿ, ನಿಮ್ಮ ಮೊಮ್ಮಗನ ಜ್ವರ ಬಿಡ್ತಾ?" ನೀರಿನಿಂದ ತೋಫು ಎತ್ತಿದ ಸದ್ದು. ಮತ್ತೆ ಚೈನು. ದೂರದಲ್ಲಿ ಟಣ್ ಟಣ್. "ಬಂದೆ ಸುಗಿಯಮ್ಮಾ! ಏಳಬೇಡಿ, ಕೂತಿರಿ, ನಾನೇ ಒಳಗೆ ತರ್ತೀನಿ." ಯಾರೋ ನಕ್ಕರು. ಅಜ್ಜನೂ ನಕ್ಕ. ಮನೆಯಲ್ಲಿ ಅಜ್ಜ ಹಾಗೆ ನಕ್ಕದ್ದನ್ನು ಚಿಗುಸಾ ಕೇಳಿರಲಿಲ್ಲ.

ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಈ ಬೀದಿಯನ್ನು ಇವತ್ತೇ ಮೊದಲ ಸಲ ಕೇಳುತ್ತಿದ್ದಾರೆಂದು ಅವಳಿಗೆ ಅನಿಸಿತು. ಅವಳೂ ಕೇಳಿದ್ದು ನಿನ್ನೆಯೇ ಮೊದಲು. ಒಂದು ಸೈಕಲ್ಲಿಗೆ ಬೀಗ ಹಾಕಿದರೆ ಎಷ್ಟು ಮನೆಯ ಪಾತ್ರೆಗಳು ಸುಮ್ಮನೆ ಬಡಿದುಕೊಳ್ಳುತ್ತಾ ಇರಬೇಕಾಗುತ್ತಿತ್ತೋ.

ಅಂಗಡಿಗೆ ಯಾರೋ ಗಿರಾಕಿ ಬಂದರು. "ಎರಡು ತೋಫು ಕೊಡಿ" ಎಂದರು.

ಅಪ್ಪ ಬಾಯಿಯ ಮೇಲೆ ಬೆರಳಿಟ್ಟು, "ಶ್, ಒಂದು ನಿಮಿಷ" ಎಂದರು. ರಿಸೀವರನ್ನು ಕಿವಿಯಿಂದ ತೆಗೆಯಲೇ ಇಲ್ಲ.