ಪರಿಚಿತರ ಪಟ್ಟಿ

ಸಿಗ್ನಲ್ ಕೆಂಪಿತ್ತು. ನಾನು ನಿಲ್ಲಿಸಲಿಲ್ಲ.

ಎದುರಿಂದ ಬಂದ ಲಾರಿ ನನ್ನ ಕಾರಿನ ಕನ್ನಡಿ ಕಿತ್ತುಕೊಂಡು ಹೋಯಿತು. ಹೋಗಲಿ! ಹಿಂದೆ ನೋಡುವ ಹೊತ್ತಲ್ಲ ಅದು. ನನ್ನ ಕಣ್ಣೆಲ್ಲ ಸ್ಟೇರಿಂಗ್ ಪಕ್ಕದ ಮೊಬೈಲಿನ ಮೇಲೆ. ಅದರಲ್ಲಿ ಒಂದು ಸಾಲು.

ಅಳಿಯಂದಿರು: ಕನೆಕ್ಟೆಡ್.

ಅಳಿಯಂದಿರು ಎಂದರೆ ನನ್ನ ತಂಗಿಯ ಗಂಡ. ಅವಳ ಎಡಗೈ ಮುರಿದವನು. ಅವನ ಫೋನು ನಮ್ಮ ವೈಫೈಗೆ ಸೇರಿದೆ ಎಂದರೆ ಅವನು ನಮ್ಮ ಗೋಡೆಯ ಪಕ್ಕದಲ್ಲೇ ನಿಂತಿದ್ದಾನೆ. ಅಮ್ಮ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳು. ಮನೆಯಲ್ಲಿ ತಂಗಿ ಒಬ್ಬಳೇ...

ಫೋನ್ ಮಾಡಿದೆ.

“ಪುಟ್ಟಿ, ಮುಂಬಾಗಿಲು ಹಾಕಿದೀಯಾ?”

“ಹಾಕಿದೀನಿ ಕಣಣ್ಣ. ಯಾಕೆ?”

“ಹಿಂಬಾಗಿಲು?”

ಅವಳು ಎದ್ದು ಅತ್ತ ನಡೆದ ಸದ್ದು ಕೇಳಿಸಿತು.

“ಬಟ್ಟೆ ಒಣಗಹಾಕೋಕೆ ತೆಗೆದಿದ್ದೆ...”

ಲೈನು ಕಟ್ಟಾಯಿತು.

ನನ್ನ ಕೆಲಸ ಏನು ಗೊತ್ತೇ? ಓಡಿಹೋದವರನ್ನು ಹುಡುಕಿಕೊಡುವುದು. ಹದಿನೆಂಟು ವರ್ಷದಿಂದ ಅದೇ ಅನ್ನ. ಹಾಗಾಗಿ ಗಂಡನನ್ನು ಬಿಟ್ಟು ಓಡಿಬಂದ ತಂಗಿಯನ್ನು ಬಚ್ಚಿಡುವುದು ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದೆ. ಮೂರು ವಾರದ ಹಿಂದೆ ಅವನು ಹುಡುಕಿಕೊಂಡು ಬಂದಾಗ, ಅವಳು ಇಲ್ಲಿಲ್ಲ ಎಂದು ಕೊರಳಪಟ್ಟಿ ಹಿಡಿದು ಮೆಟ್ಟಿಲಿಳಿಸಿದೆ. ಅವನು ನಕ್ಕು ಹೋದ. ಆ ನಗು ನನಗೆ ಹಿಡಿಸಲಿಲ್ಲ.

ಅವತ್ತೇ ರೂಟರಿಗೆ ಒಂದು ಸಾಫ್ಟ್‌ವೇರ್ ಹಾಕಿದೆ. ಯಾವ ಫೋನು ಬಂತು, ಎಷ್ಟು ಹೊತ್ತು ಇತ್ತು, ಎಲ್ಲ ಬರೆದಿಡುತ್ತದೆ. ಅಪರಿಚಿತ ಫೋನು ಸೇರಿಕೊಂಡರೆ ನನ್ನ ಮೊಬೈಲಿನಲ್ಲಿ ಕೂಗುತ್ತದೆ. ಮೊದಲೇ ಸೇರಿದವಕ್ಕೆ ಒಂದೊಂದು ಹೆಸರು ಕೊಡಬೇಕಿತ್ತು. ಮದುವೆಯ ಹೊಸದರಲ್ಲಿ ಅವನು ಇಲ್ಲಿ ಸೇರಿಸಿಕೊಂಡಿದ್ದ ಫೋನೂ ಪಟ್ಟಿಯಲ್ಲಿತ್ತು. ‘ನಾಯಿ’ ಎಂದು ಟೈಪ್ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಅಮ್ಮನಿಗೆ ಅದು ಸರಿಬರಲಿಲ್ಲ.

“ಏನೇ ಆದ್ರೂ ಮನೆ ಅಳಿಯಂದಿರು ಕಣೋ. ನೆಟ್ಟಗೆ ಬರಿ.”

ನೆಟ್ಟಗೆ ಬರೆದೆ! ಹೆಸರು ಕೊಟ್ಟ ಮೇಲೆ ಅವನು ಪರಿಚಿತ. ಪರಿಚಿತರು ಬಂದರೆ ಅದು ಕೂಗುವುದಿಲ್ಲ. ಪಾಸ್‌ವರ್ಡನ್ನಾದರೂ ಬದಲಿಸಬೇಕಿತ್ತು... ಮತ್ತೆ ಅಮ್ಮನ ಟಿವಿಗೆಲ್ಲ ಹಾಕಬೇಕಲ್ಲ ಎಂಬ ಸೋಮಾರಿತನ. ಸಿಗ್ನಲ್ ಹಾರಿಸುವ ಸ್ವಲ್ಪ ಮೊದಲು, ಕೆಲಸ ಕೊಟ್ಟ ಒಬ್ಬ ಪಾರ್ಟಿಗೆ ಕಾಯುತ್ತಾ, ಹೊತ್ತು ಹೋಗದೆ ಪಟ್ಟಿ ತೆರೆದೆ. ನಾಲ್ಕು ದಿನದಿಂದ, ದಿನಾ ಮಧ್ಯಾಹ್ನ ಮೂರಕ್ಕೆ, ನಾನಿಲ್ಲದ ಹೊತ್ತಲ್ಲಿ ಅಳಿಯಂದಿರು ಬಂದು ಹೋಗಿದ್ದರು. ಐದನೆಯ ದಿನ, ಆ ಕ್ಷಣ, ಅಲ್ಲೇ ಇದ್ದರು.

ಮನೆ ಮುಟ್ಟಿದಾಗ ಹಿಂಬಾಗಿಲು ತೆರೆದೇ ಇತ್ತು. ತಂತಿಯ ಮೇಲೆ ಅರ್ಧ ಬಟ್ಟೆ, ಬಕೆಟ್ಟಿನಲ್ಲಿ ಇನ್ನರ್ಧ. ಮುರಿದ ಕೈಗೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆಯ ಜೋಲಿ ನೆಲದ ಮೇಲೆ ಬಿದ್ದಿತ್ತು. ಬೀದಿ ಬೀದಿ ಸುತ್ತಿದೆ. ಹೆಸರು ಹಿಡಿದು ಕೂಗಿದೆ. ಕೊನೆಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಪಟ್ಟಿಯಲ್ಲಿ ಎರಡು ಹೆಸರು, ಅವನದೂ ಅವಳದೂ, ಒಂದೇ ನಿಮಿಷಕ್ಕೆ ಆರಿದ್ದವು. ಮೂರು ಗಂಟೆ ಹದಿನೇಳು ನಿಮಿಷ.

ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿದರು.

“ಪಕ್ಕಾ ಸಾಕ್ಷಿ ಕಣ್ರೀ. ಎಲ್ಲಿಗೆ ಕರ್ಕೊಂಡು ಹೋದ ಅಂತ ಹೇಳುತ್ತಾ ಇದು?”

ಇಲ್ಲ. ಅದಕ್ಕೆ ನಮ್ಮ ಗೇಟಿನಾಚೆ ಕಣ್ಣಿಲ್ಲ.

ಎಂಟು ತಿಂಗಳಾಯಿತು. ಊರವರ ಹೆಂಡತಿಯರನ್ನೆಲ್ಲ ಹುಡುಕಿಕೊಟ್ಟವನಿಗೆ ಒಬ್ಬಳು ತಂಗಿ ಸಿಕ್ಕಿಲ್ಲ. ಸಿಗುತ್ತಾಳೆ ಎಂದು ಅಮ್ಮನ ಹತ್ತಿರ ಹೇಳುತ್ತೇನೆ. ನನಗೆ ನಂಬಿಕೆಯಿಲ್ಲ.

ಸಾಫ್ಟ್‌ವೇರ್ ಮಾತ್ರ ಅವಳು ಹೋದ ದಿನ ಕಳಿಸಿದ ವರದಿಯನ್ನೇ ದಿನಾ ಸಂಜೆ ಕಳಿಸುತ್ತದೆ.

ಇಂದು ಅಪರಿಚಿತರು ಯಾರೂ ಬಂದಿಲ್ಲ.