ಸಾಕು ಅಂದವನ ಹಸಿವು

"ಬೀಗದ ಕೈ ಕೊಟ್ಟುಬಿಡಿ. ಆಮೇಲೆ ನನ್ನನ್ನು ನನ್ನ ಪಾಡಿಗೆ ಬಿಟ್ಟರೆ ಸಾಕು."

ಬೆಲ್ಲ, ನೀರಿನ ತಟ್ಟೆ ಹಿಡಿದು ಅಂಗಳಕ್ಕೆ ಬಂದ ಶ್ರೀವಾಣಿ ನಿಂತಲ್ಲೇ ನಿಂತಳು. ಅವಳ ಕಾಟೇಜಿಗೆ ಬಂದ ಮೊಟ್ಟಮೊದಲ ಅತಿಥಿ ಆಡಿದ ಮೊದಲ ಮಾತೇ ಇದು!

ಬೀಗದ ಕೈ ಕೊಟ್ಟಳು. ಬೆಲ್ಲ ತಟ್ಟೆಯಲ್ಲೇ ಉಳಿಯಿತು.

ಅದು 2005ರ ಬೇಸಿಗೆ. ಇಡಗುಂದಿಯಲ್ಲಿ ಹೋಮ್‌ಸ್ಟೇ ಎಂದರೆ ಜನ ಇನ್ನೂ ನಗುತ್ತಿದ್ದ ಕಾಲ. ಮನೆಗೆ ಬಂದು ಉಂಡವರ ಹತ್ತಿರ ಬಿಲ್ ಕೇಳುವುದುಂಟೇ? ಶ್ರೀವಾಣಿ ಮಾತ್ರ ಹಟ ಬಿಡಲಿಲ್ಲ. ಹುಲ್ಲು ಒಟ್ಟುತ್ತಿದ್ದ ಹಳೇ ಕೊಟ್ಟಿಗೆಗೆ ಕಿಟಕಿ ಇಡಿಸಿ, ಸುಣ್ಣ ಬಳಿಸಿ, ಕಾಟೇಜು ಮಾಡಿಯೇ ಬಿಟ್ಟಳು.

ಅಪ್ಪ ಸೀತಾರಾಮ ಭಟ್ಟರು ಒಂದು ಕರಾರು ಹಾಕಿದ್ದರು. "ಮೊದಲು ಬಂದವ್ವು ಖುಷಿಲಿ ಹೋದ್ರೆ ನಡೆಸು. ಇಲ್ದಿದ್ರೆ ಬಾಗಿಲು ಹಾಕಿ, ಪುಣೆ ಸಂಬಂಧಕ್ಕೆ ಹೂಂ ಹೇಳು. ಆತಾ?"

ಹಾಗಾಗಿ ಅವಳ ಕಾಟೇಜೂ, ಅವಳ ಬದುಕೂ ಈಗ ಈ ಗಡಸು ಮನುಷ್ಯನ ಕೈಯಲ್ಲಿದ್ದವು. ಹೆಸರು ಸಂದೇಶ, ಊರು ಇದೇ ಸೀಮೆಯ ಹುಲಗೋಳ. ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಕೃಷಿ ಕೆಲಸ ಕಲಿತು ಆಗಷ್ಟೇ ಮರಳಿದ್ದವನು, ಅಲ್ಲಿನಂಥದೇ ಕಾಟೇಜು ಇಲ್ಲೂ ಇದೆ ಎಂದು ಕೇಳಿ ಕೆಲವು ದಿನ ಉಳಿಯಲು ಬಂದಿದ್ದ.

ಮೊದಲ ಊಟಕ್ಕೇ ಇನ್ನೊಂದು ಪೆಟ್ಟು. ಅವಳು ಎರಡನೇ ಸಲ ಅನ್ನ ಹಾಕಲು ಬಗ್ಗಿದಾಗ ಅವನು ಎಲೆಗೆ ಅಡ್ಡ ಕೈ ಹಿಡಿದ.

"ಸಾಕು. ದಯವಿಟ್ಟು ಒತ್ತಾಯ ಮಾಡಬೇಡಿ. ಅಲ್ಲಿ ರೈತರ ಕಾಟೇಜುಗಳಲ್ಲಿ ಉಳಿಯುತ್ತಿದ್ದೆ. ಮನೆಯಾಕೆ ಬಾಗಿಲಲ್ಲಿ ಹಾಲು, ಬ್ರೆಡ್ಡು, ಬೆಣ್ಣೆ ಇಟ್ಟು ಹೋಗುತ್ತಿದ್ದಳು. ಮುಖವೂ ಕಾಣುತ್ತಿರಲಿಲ್ಲ. ಅತಿಥಿಗೆ ಎಷ್ಟು ನೆಮ್ಮದಿ ಗೊತ್ತಾ?"

ಶ್ರೀವಾಣಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಆದರೆ ಅತಿಥಿ ಖುಷಿಯಾಗಿರಬೇಕಲ್ಲ... ಮರುದಿನದಿಂದ ಒಂದೇ ಸಲ ಬಡಿಸಿ ಒಳಗೆ ಹೋಗತೊಡಗಿದಳು.

"ಇದೆಂತ ಚಂದನೇ?" ತಾಯಿ ಪರಿಮಳಾ ಗಾಬರಿಯಾದರು. "ಬಂದವ್ವು ಎಂತ ತಿಳಿತ್ವ?"

"ಅವ್ಕೆ ಹಂಗೇ ಬೇಕಡ ಆಯಿ."

ಬಾಗಿಲ ಸಂದಿಯಿಂದ ಮಾತ್ರ ನೋಡುತ್ತಲೇ ಇದ್ದಳು. ಅವನು ಉಂಡು, ಅಡುಗೆಮನೆಯ ಕಡೆ ಒಮ್ಮೆ ನೋಡಿ, ಸುಮ್ಮನೆ ಕೈ ತೊಳೆಯಲು ಏಳುತ್ತಿದ್ದ. ಎರಡನೇ ಸಲ ಅನ್ನ ಹಾಕಿಸಿಕೊಳ್ಳದೆ ಎದ್ದವನಿಗೆ ಊಟ ಸೇರಿತು ಎಂದು ಈ ಸೀಮೆಯಲ್ಲಿ ಯಾರು ನಂಬುತ್ತಾರೆ? ಮಾವಿನಕಾಯಿಯ ಅಪ್ಪೆಹುಳಿ ಮಾಡಿದಳು, ಹಲಸಿನಕಾಯಿ ಹುಳಿ ಮಾಡಿದಳು. ಊಹೂಂ.

ಊಟದ ವಿಷಯ ಬಿಟ್ಟರೆ ಮನುಷ್ಯ ಕೆಟ್ಟವನಲ್ಲ ಎಂಬುದೇ ಅವಳ ಸಂಕಟ. ದಿನ ಕಳೆದಂತೆ ಪುಸ್ತಕದ ಕನ್ನಡ ಬಿಟ್ಟು ಮನೆಮಾತಿಗೆ ಇಳಿದಿದ್ದ. ಒಂದು ಸಂಜೆ ಕಾಟೇಜಿನ ಜಗುಲಿಯಲ್ಲಿ ಕೇಳಿದ.

"ಈ ಕಿಟಕಿ ಇಷ್ಟು ಕೆಳಗೆ ಇಡವು ಹೇಳಿ ಯಾರು ಹೇಳಿದ್ದು?"

"ಆನೇ ಹೇಳಿದ್ದು. ಮಲಗಿದಲ್ಲಿಂದಲೇ ಗುಡ್ಡ ಕಾಣವು ಹೇಳಿ."

"ಕಾಣ್ತು," ಅಂದ. ನೋಡಿದ್ದು ಮಾತ್ರ ಗುಡ್ಡವನ್ನಲ್ಲ.

ಆ ರಾತ್ರಿ ಶ್ರೀವಾಣಿಗೆ ನಿದ್ದೆ ಬರಲಿಲ್ಲ. ಅಯ್ಯೋ, ಹೊರಟು ಹೋಗುವವನ ಮೇಲೆ ಇದೆಂಥ ಆಸೆ...

ಮರುದಿನ ಸಾಮಾನು ತರಲು ಬಸ್ ಸ್ಟ್ಯಾಂಡಿನ ಕಡೆ ಹೋದವಳು ಕಂಡದ್ದೇನು? ಹೋಟೆಲಿನ ಮೂಲೆಯ ಬೆಂಚಿನಲ್ಲಿ ಕುಳಿತು ಸಂದೇಶ ಬನ್ಸಿನ ಮೇಲೆ ಬನ್ಸು ತಿನ್ನುತ್ತಿದ್ದಾನೆ! ಅದೂ ವರ್ಷದಿಂದ ಅನ್ನ ಕಾಣದವನ ಹಾಗೆ.

ನನ್ನ ಕೈಯ ಊಟ ಅಷ್ಟು ಕೆಟ್ಟದಾ? ಸಾಮಾನನ್ನೂ ಕೊಳ್ಳದೆ ಮನೆಗೆ ಬಂದಳು. ಮಧ್ಯಾಹ್ನ ಅವನು ಊಟಕ್ಕೆ ಬಂದರೆ ಎಲೆಯೇ ಹಾಕಿರಲಿಲ್ಲ.

"ಇನ್ನು ಹೋಟೆಲಿಂದಲೇ ತರಿಸ್ತೆ," ಎಂದಳು. "ಸೇರ್ತಿಲ್ಲೆ ಹೇಳಿ ಬಾಯಿಬಿಟ್ಟು ಹೇಳಿದ್ರೆ ಆಗ್ತಿತ್ತು. ಕದ್ದು ತಿನ್ನದು ಎಂತಕ್ಕೆ?"

ಸಂದೇಶನ ಮುಖ ಕೆಂಪಾಯಿತು. "ಸೇರ್ತಿಲ್ಲೆ ಹೇಳಿ ಯಾರು ಹೇಳಿದ್ದು? ನಂಗೆ ಹಸಿವು ಶ್ರೀವಾಣಿ. ಬಂದಾಗಿಂದ ಹಸಿವು."

"ಮತ್ತೆ ಕೇಳ್ಲಾಗಿತ್ತಲೆ?"

"ಹೆಂಗೆ ಕೇಳದು? ನಮ್ಮಲ್ಲಿ ಯಾರಾದ್ರೂ ಕೇಳಿ ಹಾಕಿಸ್ಕತ್ವಾ? ಬೇಡ ಬೇಡ ಹೇಳ್ತಾ ಇಪ್ಪದು, ನಿಂಗ ಹಾಕ್ತಾ ಇಪ್ಪದು. ನೀನು ಒಂದೇ ಸಲಕ್ಕೆ ಒಳಗೆ ಹೋದೆ."

"ಒತ್ತಾಯ ಬ್ಯಾಡ ಹೇಳಿದ್ದು ನಿಂಗವೇ."

"ಹೌದು... ದೊಡ್ಡಸ್ತಿಕೆ." ಅವನು ತಲೆ ತಗ್ಗಿಸಿದ. "ಅಲ್ಲಿನ ನೆಮ್ಮದಿ ನಿಜ. ಆದ್ರೆ ಬ್ರೆಡ್ಡು ಹಿಡ್ಕಂಡು ಒಬ್ಬನೇ ಕೂತಾಗ, ಯಾರಾದ್ರೂ ಇನ್ನೊಂದು ತಿನ್ನು ಹೇಳಿದ್ರೆ ಸಾಕಿತ್ತು ಹೇಳಿ ಕಣ್ಣಲ್ಲಿ ನೀರು ಬರ್ತಿತ್ತು. ಅದನ್ನ ನಿಂಗೆ ಹೇಳಿದ್ನಿಲ್ಲೆ."

ಶ್ರೀವಾಣಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎಲೆ ಹಾಕಿದಳು. ಅವನು ಸಾಕು ಎಂದಷ್ಟೂ ಬಡಿಸಿದಳು. ಕಡೆಗೆ ಅವನು ನಿಜವಾಗಿಯೂ ಉಸಿರು ಬಿಡಲಾಗದೆ ಗೋಡೆಗೆ ಒರಗಿದ. ಒಳಗೆ ಆಯಿ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು.

ಸಂಜೆ ಜಗುಲಿಯಲ್ಲಿ ಅವನೇ ಮಾತು ತೆಗೆದ.

"ಪುಣೆ ಸಂಬಂಧದ ಸುದ್ದಿ ಆಯಿ ಹೇಳಿದ್ರು."

ಅವಳು ಕಂಬದ ಸುಣ್ಣ ಕೆರೆಯುತ್ತ ನಿಂತಳು.

"ಹುಲಗೋಳದಲ್ಲಿ ಅಣ್ಣ ಇದ್ದ, ಮನೆ ಅವ ನೋಡ್ತ. ಆನು ಇಲ್ಲೇ ನಿಂತು ನಿನ್ನ ಜೊತಿಗೆ ಕಾಟೇಜು ನಡೆಸ್ತೆ. ಮನೆ ಅಳಿಯ ಹೇಳಿ ಊರು ನಗಾಡಿದ್ರೂ ಅಡ್ಡಿಲ್ಲೆ." ತಿರುಗಿ ಅವಳನ್ನೇ ನೋಡಿದ. "ನನ್ನ ಮದುವೆ ಆಗ್ತ್ಯಾ?"

ಅವಳು ಒಳಗೊಳಗೇ ಕಾದಿದ್ದ ಮಾತು! ಆದರೆ ನಾಚಿಕೆ ನಾಲಿಗೆಯನ್ನು ತಿರುಚಿತು.

"ಬ್ಯಾಡ," ಎಂದುಬಿಟ್ಟಳು.

ಸಂದೇಶನ ಮುಖ ಬಾಡಿತು. ಎದ್ದು ಮೆಟ್ಟಿಲಿಳಿದ.

"ಅಲ್ಲಾ... ಎಲ್ಲಿಗೆ ಹೊಂಟ್ರಿ?"

ಅವನು ತಿರುಗಿದ. ಅವಳು ಕಂಬದ ಮರೆಯಲ್ಲಿ ಮುಖ ಅಡಗಿಸಿಕೊಂಡಿದ್ದಳು.

"ಒಂದೇ ಸಲ ಕೇಳಿ ಬಿಟ್ಟು ಹೋಗ್ತ್ರಾ?"