ನನ್ನ ದನಿ ಮುಟ್ಟಬೇಡಿ

"ಆ ಮೈಕ್ ತಗೋಬೇಡಿ ಕಣ್ರೀ... ನಿಮ್ಮ ದನಿಗೆ ಅದು ಆಗಲ್ಲ!"

ಪ್ರಣಮ್ಯಾ ಗಕ್ಕನೆ ತಿರುಗಿದಳು.

ಚೆನ್ನೈನ ರಿಚಿ ಸ್ಟ್ರೀಟಿನ ಆ ಇಕ್ಕಟ್ಟಾದ ಅಂಗಡಿಯಲ್ಲಿ, ಸ್ಪೀಕರ್ ಡಬ್ಬಗಳಿಗೆ ಒರಗಿಕೊಂಡು ಒಬ್ಬ ಯುವಕ ನಿಂತಿದ್ದ. ಹೆಗಲ ಮೇಲೆ ಸುರುಳಿ ಸುತ್ತಿದ ಕೇಬಲ್ಲು. ಬಿಸಿಲಿಗೆ ಬೆನ್ನಿಗಂಟಿದ ಅಂಗಿ. ಈಗಷ್ಟೇ ಅವಳು ಅಪ್ಪನ ಜೊತೆ ಫೋನಿನಲ್ಲಿ ಆಡಿದ ಕನ್ನಡವನ್ನೆಲ್ಲ ಕೇಳಿಸಿಕೊಂಡಿದ್ದಾನೆ!

ನಿಮ್ಮ ದನಿಗೆ ಆಗಲ್ಲ...

ಆ ಮಾತು ನೇರವಾಗಿ ಅವಳ ಗಾಯದ ಮೇಲೆ ಬಿತ್ತು.

"ನನ್ನ ದನಿಗೆ ಎಂತ ಆಗಿದೆ? ಹೇಳಿ! ಎಂತ ಆಗಿದೆ?"

"ಅಯ್ಯೋ, ಹಾಗಲ್ಲ ರೀ. ಕೆಳಗಡೆ ಹೋಟ್ಲು, ಪಕ್ಕದಲ್ಲಿ ರೈಲು ಅಂತಿದ್ರಿ ಫೋನಲ್ಲಿ. ಈ ಮೈಕು ತುಂಬಾ ಸೂಕ್ಷ್ಮ. ಒಗ್ಗರಣೆ ಸಿಡಿಯೋದೂ ರೆಕಾರ್ಡ್ ಆಗುತ್ತೆ. ಅದೂ ಅಲ್ದೆ ನಿಮ್ಮ ದನೀಲಿ ಸ್ವಲ್ಪ ಒರಟು..."

"ಸಾಕು!"

ಅಂಗಡಿಯ ಭೋಜರಾಜ ಬಿಲ್ ಪುಸ್ತಕದಿಂದ ತಲೆಯೆತ್ತಿದ. "ಅಮ್ಮಾ, ಕೋಪಪಡಾದೀಂಗ. ಅವರು ಸೌಂಡ್ ಇಂಜಿನಿಯರ್..."

"ಯಾರಾದರೂ ಆಗಲಿ! ಅವರನ್ನು ಕೇಳಿದ್ದು ಯಾರು? ಇದನ್ನೇ ಪ್ಯಾಕ್ ಮಾಡಿ!"

ಮೈಕಿನ ಡಬ್ಬವನ್ನು ಎದೆಗವಚಿಕೊಂಡು ಹೊರಬಂದಳು. ಆಟೋ ಹತ್ತಿ ಕೂತ ಮೇಲೂ ಸಿಟ್ಟು ಇಳಿಯಲಿಲ್ಲ.

ಎರಡು ವರ್ಷದ ಹಿಂದೆ ಪ್ರಣಮ್ಯಾಳ ದನಿಯನ್ನು ಕೇಳಿ ಮಲಗುವ ಮಕ್ಕಳಿದ್ದರು. ಮೊಲದ ಮರಿ, ರಾಜಕುಮಾರಿ, ಮಳೆಹನಿ... ಕನ್ನಡ ಕಥೆಗಳ ಆಡಿಯೋದಲ್ಲಿ ಎಲ್ಲಕ್ಕೂ ಅವಳದೇ ದನಿ. ಹೂವಿನಷ್ಟು ಹಗುರ ಎನ್ನುತ್ತಿದ್ದರು. ಆಮೇಲೆ ಗಂಟಲಿನಲ್ಲಿ ಗಂಟು, ಶಸ್ತ್ರಚಿಕಿತ್ಸೆ. ಗಂಟು ಹೋಯಿತು. ಜೊತೆಗೆ ಆ ದನಿಯೂ ಹೋಯಿತು. ಉಳಿದದ್ದು ತಗ್ಗಿದ, ಒರಟಾದ, ಅಲ್ಲಲ್ಲಿ ಸೀಳುವ ದನಿ.

ಆದರೂ ಧೈರ್ಯ ಮಾಡಿ ಒಂದು ಸ್ಟುಡಿಯೋಗೆ ಹೋಗಿದ್ದಳು. ಗಾಜಿನಾಚೆ ಕುಳಿತವರು ತಮ್ಮ ಮೈಕ್ ಆಫ್ ಮಾಡುವುದನ್ನು ಮರೆತಿದ್ದರು. "ಯಾರಪ್ಪಾ ಇದು? ರಾಕ್ಷಸಿ ಪಾತ್ರಕ್ಕೆ ಕರೆಸಿದ್ದಾ?" ಎಂಬ ನಗು ಹೆಡ್‌ಫೋನಿನಲ್ಲಿ, ಅವಳ ಎರಡೂ ಕಿವಿಯೊಳಗೇ ಕೇಳಿತ್ತು!

ಅಂದಿನಿಂದ ಅವಳು ಯಾವ ಸ್ಟುಡಿಯೋದ ಮೆಟ್ಟಿಲನ್ನೂ ಹತ್ತಲಿಲ್ಲ. ಫೋನಿನಲ್ಲೂ ಮಾತು ಕಡಿಮೆಯಾಯಿತು. ಈಗ ಒಂದು ಆಡಿಯೋ ಕಂಪನಿ ದೊಡ್ಡವರ ಕಾದಂಬರಿಯೊಂದನ್ನು ಓದಲು ಮಾದರಿ ಕೇಳಿತ್ತು. ಓದುತ್ತೇನೆ, ಆದರೆ ನನ್ನ ಕೋಣೆಯಲ್ಲಿ, ನನ್ನ ಬಾಗಿಲು ಹಾಕಿಕೊಂಡು ಎಂದು ಹಟ ಹಿಡಿದಿದ್ದಳು. ಅಪ್ಪ ಕಿಟ್ಟಣ್ಣ ಪೆರಂಬೂರಿನ ತಮ್ಮ ಹೋಟೆಲಿನ ಮೇಲಿದ್ದ ಸಾಮಾನಿನ ಕೋಣೆಯನ್ನು ಮಾರನೆಯ ದಿನವೇ ಖಾಲಿ ಮಾಡಿಸಿಕೊಟ್ಟಿದ್ದರು.

ಆ ಕೋಣೆಯಲ್ಲಿ ಹೊಸ ಮೈಕ್ ಎಲ್ಲವನ್ನೂ ಹಿಡಿಯಿತು. ರೈಲಿನ ಹಾರ್ನ್, ರುಬ್ಬುವ ಯಂತ್ರ, "ರೆಂಡು ಇಡ್ಲಿ, ಒರು ವಡೈ!" ಎಂಬ ಕೂಗು... ಕೊನೆಗೆ ಒಗ್ಗರಣೆಯನ್ನೂ! ಸೋದರತ್ತೆಯ ಮಗ ಅಜಯ್ "ಸೂಪರ್ ಸ್ಪೀಡ್ ಅಕ್ಕಾ" ಎಂದು ಕೊಡಿಸಿದ್ದ ಗೇಮಿಂಗ್ ಲ್ಯಾಪ್‌ಟಾಪಿನ ಫ್ಯಾನ್ ಎಲ್ಲಕ್ಕಿಂತ ಜೋರಾಗಿ ಭುಸುಗುಟ್ಟಿತು. ಇದ್ದುದರಲ್ಲಿ ಕೇಳಿಸದಿದ್ದುದು ಅವಳ ಮಾತೊಂದೇ.

ಸೋತು ಅಂಗಡಿಗೆ ಫೋನ್ ಮಾಡಿದಳು. ಭೋಜರಾಜ ಒಬ್ಬರನ್ನು ಕಳಿಸುತ್ತೇನೆಂದ.

ಬಾಗಿಲು ತೆರೆದರೆ... ಅವನೇ!

"ನಾನು ಲಿಖಿತ್. ಮಂಡ್ಯದೋನು. ಮನೆ ಸ್ಟುಡಿಯೋ ಮಾಡ್ಕೊಡೋದೇ ನನ್ನ ಕೆಲಸ."

"ನಗುದಾದರೆ ಈಗಲೇ ನಕ್ಕು ಮುಗಿಸಿ."

ಅವನು ನಗಲಿಲ್ಲ. ಚಪ್ಪಲಿ ಬಿಟ್ಟು ಒಳಬಂದು, ನೆಲದ ಮೇಲೆ ಕೂತು, ಕಣ್ಣು ಮುಚ್ಚಿ ಕೋಣೆಯ ಶಬ್ದವನ್ನು ಆಲಿಸಿದ. ಆಮೇಲೆ ಮೆಲ್ಲಗೆ ಹೇಳಿದ, "ಅವತ್ತು ನಾನು ಬಾಯಿ ಹಾಕಬಾರದಿತ್ತು. ಸಾರಿ ಕಣ್ರೀ."

ಸಾರಿ ಕೇಳುವವನೊಂದಿಗೆ ಜಗಳ ಮುಂದುವರಿಸುವುದು ಹೇಗೆ? ಅದಕ್ಕೂ ಅವಳಿಗೆ ಸಿಟ್ಟೇ ಬಂತು!

ಕೆಲಸ ಶುರುವಾಯಿತು, ಜಗಳದೊಂದಿಗೇ. ಲ್ಯಾಪ್‌ಟಾಪಿನ ಬದಲು ಫ್ಯಾನೇ ಇಲ್ಲದ ಪುಟ್ಟ ಕಂಪ್ಯೂಟರ್ ಸಾಕೆಂದ. ಒಬ್ಬರ ದನಿ ರೆಕಾರ್ಡ್ ಮಾಡಲು ಅಷ್ಟೊಂದು ಶಕ್ತಿ ಬೇಕಿಲ್ಲ ಎಂದ. ಒಪ್ಪಿದಳು. ಕಿಟಕಿಯನ್ನು ಪೂರ್ತಿ ಮುಚ್ಚಿಬಿಡೋಣ ಎಂದ. ಒಪ್ಪಲಿಲ್ಲ.

"ಈ ಸೆಕೆಯಲ್ಲಿ ನಾನು ಬೇಯುದಾ? ಮಧ್ಯಾಹ್ನ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು ಅಡುಗೆಮನೆ ಸತ್ತ ಹಾಗೆ ಇರ್ತದೆ. ಆಗ ಓದ್ತೇನೆ, ರೈಲು ಬಂದರೆ ನಿಲ್ಲಿಸ್ತೇನೆ. ಗೋಡೆ ಕಟ್ಟುವ ಬದಲು ಗಡಿಯಾರ ನೋಡಿದರೆ ಸಾಕಲ್ವಾ?"

ಲಿಖಿತ್ ತಲೆ ಕೆರೆದುಕೊಂಡ. "ಇದು ನಂಗೆ ಹೊಳೀಲೇ ಇಲ್ವಲ್ಲ!"

ಮೈಕ್ ಆರಿಸುವ ದಿನ ಅವಳು ಒಂದು ಷರತ್ತು ಹಾಕಿದಳು. ನೀವು ತಂದ ಮೂರು ಮೈಕ್‌ಗಳಲ್ಲಿ ಒಂದೇ ಪುಟ ಓದುತ್ತೇನೆ. ಯಾವುದು ಯಾವುದೆಂದು ಹೇಳದೆ ಕೇಳಿಸಿ. ಆರಿಸುವುದು ನನ್ನ ಕಿವಿ!

ಅವನು ಎರಡನೆಯದರ ಮೇಲೆ ಆಸೆಯಿಟ್ಟಿದ್ದ. ಅವಳು ಮೂರನೆಯದನ್ನು ಆರಿಸಿದಳು.

"ಅದರಲ್ಲಿ ನಿಮ್ಮ ಒರಟು ಪೂರ್ತಿ ಕೇಳುತ್ತೆ ರೀ."

"ಕೇಳಲಿ. ಎರಡನೆಯದು ನನ್ನನ್ನು ಅಡಗಿಸಿಡ್ತದೆ. ಅಡಗಿ ಅಡಗಿ ಸಾಕಾಗಿದೆ ನನಗೆ."

ಅವನು ಮತ್ತೊಮ್ಮೆ ಹೆಡ್‌ಫೋನ್ ಏರಿಸಿಕೊಂಡು ಕೇಳಿದ. ಆಮೇಲೆ, "ನೀವೇ ಸರಿ" ಎಂದ. ಆ ಎರಡು ಮಾತಿಗೆ ಅವಳ ಕಣ್ಣು ಯಾಕೆ ತುಂಬಿತೋ ಅವಳಿಗೇ ತಿಳಿಯಲಿಲ್ಲ.

ಗೋಡೆಗೆ ಹತ್ತಿಯ ರಜಾಯಿಗಳು ಬಂದವು. ಓದುವಾಗ ಫ್ಯಾನ್ ಬಂದ್. ಬೆವರು ಸುರಿಯುತ್ತಿದ್ದರೂ ಲಿಖಿತ್ ಮೂಲೆಯಲ್ಲಿ ಮಿಸುಕದೆ ಕೂತು ಕೇಳುತ್ತಿದ್ದ. ಅವಳು ತಪ್ಪಿ ನಿಂತಾಗ, "ಆ ಸಾಲು ಇನ್ನೊಂದ್ಸಲ" ಎನ್ನುತ್ತಿದ್ದನೇ ಹೊರತು, ದನಿಯ ಬಗ್ಗೆ ಒಂದಕ್ಷರ ಆಡುತ್ತಿರಲಿಲ್ಲ. ಅವನು ಬರದ ದಿನ ಕೋಣೆ ಖಾಲಿ ಖಾಲಿ ಎನಿಸತೊಡಗಿತು.

ಇದೇನಾಗ್ತಾ ಉಂಟು ನನಗೆ?

ಒಂದು ಮಧ್ಯಾಹ್ನ, ಕಾಫಿ ಹಿಡಿದು ಮೇಲೆ ಬರುತ್ತಿದ್ದವಳು ಮೆಟ್ಟಿಲಿನಲ್ಲೇ ನಿಂತುಬಿಟ್ಟಳು.

ಕೋಣೆಯೊಳಗಿಂದ ಒಂದು ದನಿ ಬರುತ್ತಿತ್ತು. ಹಗುರ, ನುಣುಪು, ಹೂವಿನಂಥ ದನಿ... ಅವಳ ಹಳೆಯ ದನಿ! ಆದರೆ ಅದು ಓದುತ್ತಿದ್ದುದು ನಿನ್ನೆ ಅವಳು ಓದಿದ ಪುಟವನ್ನು!

ಸತ್ತುಹೋದ ಹುಡುಗಿಯೊಬ್ಬಳು ತನ್ನ ಕುರ್ಚಿಯಲ್ಲಿ ಬಂದು ಕೂತಂತಾಯಿತು.

ಬಾಗಿಲು ದೂಡಿದಳು. ಲಿಖಿತ್ ಬೆಚ್ಚಿ ಎದ್ದ.

"ಇದೆಂತದು?"

"ಪ್ರಣಮ್ಯಾ... ಅದು..."

"ಎಂತದು ಅಂತ ಕೇಳಿದೆ!"

"ಒಂದು ಸಾಫ್ಟ್‌ವೇರ್. ಹಳೇ ರೆಕಾರ್ಡಿಂಗ್ ಕೇಳಿಸಿ ಅದಕ್ಕೆ ಕಲಿಸಿದ್ರೆ, ಈಗಿನ ಮಾತನ್ನ ಆಗಿನ ದನಿಗೆ ಬದಲಾಯಿಸುತ್ತೆ. ಸುಮ್ನೆ ಒಂದ್ಸಲ..."

"ಸುಮ್ಮನೆ?" ಅವಳ ದನಿ ಸೀಳಿತು. "ಅವತ್ತು ಗಾಜಿನಾಚೆ ಕೂತವರು ನಕ್ಕರು ಅಷ್ಟೆ. ನೀವು ಅದಕ್ಕಿಂತ ದೊಡ್ಡ ಕೆಲಸ ಮಾಡಿದಿರಿ! ದಿನಾ ಇಲ್ಲಿ ಕೂತು, ನನ್ನನ್ನು ಒಪ್ಪಿದ ಹಾಗೆ ಮಾಡಿ, ಹಿಂದಿನಿಂದ ನನ್ನನ್ನೇ ಅಳಿಸಿ ಹಾಕುದಾ?"

ಅವನ ತುಟಿ ಏನೋ ಹೇಳಲು ತೆರೆಯಿತು. ಕೆಳಗೆ ಗಲ್ಲಾದಲ್ಲಿ ಕಿಟ್ಟಣ್ಣ ಕೆಮ್ಮಿದ್ದು ಕೇಳಿಸಿತು. ತುಟಿ ಮುಚ್ಚಿಕೊಂಡಿತು.

"ತಪ್ಪಾಯ್ತು" ಎಂದನಷ್ಟೆ.

"ಹೋಗಿ! ಇನ್ನು ಈ ಮೆಟ್ಟಿಲು ಹತ್ತಬೇಡಿ. ನನ್ನ ದನಿ ಮುಟ್ಟಬೇಡಿ!"

ಅವನು ತನ್ನ ಬ್ಯಾಗ್ ಎತ್ತಿಕೊಂಡು ತಲೆ ತಗ್ಗಿಸಿ ಹೋದ. ಕಾಫಿ ಲೋಟ ಹಿಡಿದೇ ಅವಳು ನೆಲದ ಮೇಲೆ ಕೂತುಬಿಟ್ಟಳು.

ಆಮೇಲಿನ ದಿನಗಳಲ್ಲಿ ಅವಳು ಬಾಗಿಲು ಬಡಿದಳು, ಊಟ ಬಿಟ್ಟಳು, ಬಂದ ಫೋನನ್ನೆಲ್ಲ ಕತ್ತರಿಸಿದಳು. ಅಮ್ಮ ಗುಣವತಿ ಹತ್ತಿರ ಬಂದರೂ ಸಿಡುಕಿದಳು. ಒಂದು ದಿನ ಕಿಟ್ಟಣ್ಣ ತಾವೇ ತಟ್ಟೆ ಹಿಡಿದು ಮೇಲೆ ಬಂದರು. ಎಷ್ಟು ಗಿರಾಕಿ ಬೈದರೂ ನಗುವ ಮನುಷ್ಯ. ಅಂದು ಅವರ ಮುಖ ಬಾಡಿತ್ತು.

"ಮಗಾ, ಆ ಹುಡುಗನಿಗೆ ಬೈಬೇಡ. ನಿನ್ನ ಹಳೆಯ ರೆಕಾರ್ಡಿಂಗ್ ಕೊಟ್ಟದ್ದು ನಾನು."

ಅವಳು ಅಪ್ಪನನ್ನೇ ನೋಡಿದಳು.

"ಪೇಪರಿನಲ್ಲಿ ಓದಿದ್ದೆ, ಹಾಗೆಲ್ಲ ಮಾಡ್ಲಿಕ್ಕೆ ಆಗ್ತದೆ ಅಂತ. ನಾನೇ ಅವನ ಬೆನ್ನು ಬಿದ್ದೆ. ಅವನು ಬೇಡ ಬೇಡ ಅಂದ. ನಾನು ಕೈ ಮುಗಿದೆ..."

"ಯಾಕೆ ಅಪ್ಪಾ? ನನ್ನ ಈ ದನಿ ನಿಮಗೂ ಬೇಡವಾ?" ಸಿಟ್ಟು ಮತ್ತೆ ಉಕ್ಕಿತು. "ಎಲ್ಲರೂ ನಕ್ಕರು ಅಂತ ಮನೆಗೆ ಬಂದೆ. ಮನೆಯಲ್ಲೂ ನೀವು ಆ ಹುಡುಗಿಗೇ ಕಾಯ್ತಾ ಇದ್ದೀರಾ?"

"ದನಿಗಲ್ಲ ಮಗಾ!" ಕಿಟ್ಟಣ್ಣ ತಲೆ ಅಲ್ಲಾಡಿಸಿದರು. "ನೀನು ಮಾತೇ ನಿಲ್ಲಿಸಿದೆಯಲ್ಲ. ಮೊದಲು ಗಲ್ಲಾದ ಹತ್ತಿರ ನಿಂತು ವಟವಟ ಅಂತಿದ್ದೆ. ಆ ದನಿ ಬಂದರೆ ಮಾತೂ ವಾಪಸ್ ಬರ್ತದೆ ಅಂತ ಎಣಿಸಿದೆ. ನನಗೆ ಅಷ್ಟೇ ತಿಳಿದದ್ದು."

ಅಪ್ಪ ತಟ್ಟೆಯಿಟ್ಟು ಇಳಿದುಹೋದರು. ಅವರ ಮೇಲೂ ಸಿಟ್ಟು, ತನ್ನ ಮೇಲೂ ಸಿಟ್ಟು, ಬಾಯಿ ಬಿಡದೆ ಹೋದ ಆ ಮಂಡ್ಯದವನ ಮೇಲಂತೂ ಉರಿಯುವ ಸಿಟ್ಟು!

ಅಡುಗೆಮನೆ ತಣ್ಣಗಾಗಿತ್ತು. ಪ್ರಣಮ್ಯಾ ಫ್ಯಾನ್ ಆರಿಸಿ ಮೈಕಿನ ಮುಂದೆ ಕೂತಳು. ಗಂಡನ ಮನೆಯವರ ಮುಂದೆ ನಿಂತು ಕಾದಂಬರಿಯ ನಾಯಕಿ ತನ್ನ ಪಾಲಿನ ನ್ಯಾಯ ಕೇಳುವ ಅಧ್ಯಾಯ ಅದು. ಈವರೆಗೆ ಮೆಲ್ಲಗೆ, ಹೆದರಿ ಹೆದರಿ ಓದುತ್ತಿದ್ದಳು. ಅಂದು ಹೆದರಲಿಲ್ಲ. ದನಿ ಸೀಳಿದಲ್ಲಿ ಸೀಳಲು ಬಿಟ್ಟಳು. ಮುಗಿದಾಗ ಮೈಯೆಲ್ಲ ಬೆವತಿತ್ತು. ತಿದ್ದದೆ ಅದನ್ನೇ ಕಂಪನಿಗೆ ಮಾದರಿಯಾಗಿ ಕಳಿಸಿದಳು.

ಕಂಪನಿಯಿಂದ ಶ್ರೀಪ್ರಿಯಾ ಎಂಬುವವರು ಫೋನ್ ಮಾಡಿದರು. "ಆ ಹೆಂಗಸು ನಮ್ಮ ಮುಂದೆಯೇ ನಿಂತು ಕೇಳಿದ ಹಾಗಿತ್ತು. ಇಡೀ ಕಾದಂಬರಿಯನ್ನು ನೀವೇ ಓದಿ."

ಫೋನ್ ಇಟ್ಟ ಕೂಡಲೇ ಇದನ್ನು ಯಾರಿಗೆ ಹೇಳಬೇಕು ಎಂದಾಗ ಅವಳ ಮನಸ್ಸು ಒಂದೇ ಹೆಸರನ್ನು ಹಿಡಿದು ಎಳೆಯಿತು.

ಅವನು ವಿಮಾನ ನಿಲ್ದಾಣದ ಪಕ್ಕದ ಪಲ್ಲಾವರಂನಲ್ಲಿರುತ್ತಾನೆ, ಶುಕ್ರವಾರ ಅಲ್ಲಿನ ಸಂತೆಯಲ್ಲಿ ಹಳೆಯ ಸ್ಪೀಕರ್ ಹುಡುಕುತ್ತಾನೆ ಎಂದು ಭೋಜರಾಜ ಹೇಳಿದ. ಶುಕ್ರವಾರ ಬೆಳಿಗ್ಗೆಯೇ ಹೊರಟಳು. "ಎಲ್ಲಿಗೆ?" ಎಂದರು ಕಿಟ್ಟಣ್ಣ. "ಬೈದು ಬರ್ಲಿಕ್ಕೆ" ಎಂದಳು. "ಬೈದು ಆದ ಮೇಲೆ ಊಟಕ್ಕೆ ಕರಕೊಂಡು ಬಾ" ಎಂದರು ಅಪ್ಪ.

ಸಂತೆಯಲ್ಲಿ ಗಿಡಗಳು, ಪಾರಿವಾಳ, ತುಕ್ಕು ಹಿಡಿದ ಸೈಕಲ್ಲು, ಹಳೆಯ ಟಿ.ವಿ.ಗಳು. ಆ ರಾಶಿಯ ನಡುವೆ ಕುಕ್ಕರಗಾಲಿನಲ್ಲಿ ಲಿಖಿತ್ ಕೂತಿದ್ದ.

ಕರೆದಳು. ತಲೆಯ ಮೇಲೆ ವಿಮಾನವೊಂದು ಗುಡುಗಿಕೊಂಡು ಇಳಿಯುತ್ತಿತ್ತು. ಅವನಿಗೆ ಕೇಳಿಸಲಿಲ್ಲ.

"ಲಿಖಿತ್!!"

ಶಸ್ತ್ರಚಿಕಿತ್ಸೆಯ ನಂತರ ಅವಳು ಹೀಗೆ ಕಿರುಚಿದ್ದೇ ಇಲ್ಲ. ಅರ್ಧ ಸಂತೆ ತಿರುಗಿ ನೋಡಿತು. ಯಾರೂ ನಗಲಿಲ್ಲ. ಗಿಡ ಮಾರುವ ಹೆಂಗಸು ಮಾತ್ರ, "ಎನ್ನಮ್ಮಾ ಆಚ್ಚು?" ಎಂದು, ಏನಾಯಿತೋ ಎಂಬ ಗಾಬರಿಯಲ್ಲಿ ಕೇಳಿದಳು.

ಅವನು ಎದ್ದು ನಿಂತ.

"ಅಪ್ಪ ಹೇಳಿದ್ದು ಅಂತ ನೀನು ಯಾಕೆ ಬಾಯಿ ಬಿಡಲಿಲ್ಲ? ದೊಡ್ಡ ತ್ಯಾಗವಾ? ನನ್ನನ್ನು ಮಂಗ ಮಾಡಿ ನೀನು ಒಳ್ಳೆಯವನಾಗುದಾ?"

"ಹೇಳಿದ್ರೆ ನಿಮ್ಮ ಸಿಟ್ಟು ಅವರ ಕಡೆ ತಿರುಗ್ತಿತ್ತು. ನನ್ನನ್ನಾದ್ರೆ ಆಚೆಗೆ ಹಾಕ್ಬೋದು. ಅಪ್ಪನ್ನ ಎಲ್ಲಿಗೆ ಹಾಕ್ತೀರಿ?" ಅವನ ಕಣ್ಣು ಕೆಂಪಾಗಿತ್ತು. "ಅದೂ ಅಲ್ದೆ, ಕೇಳಿದ್ದು ಅವರು, ಮಾಡಿದ್ದು ನಾನು. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ. ನೀವು ಬೈದಿದ್ದು ಸರಿ."

"ಆ ಫೈಲು?"

ಅವನು ಬ್ಯಾಗಿನಿಂದ ಪುಟ್ಟ ಹಾರ್ಡ್‌ಡಿಸ್ಕ್ ತೆಗೆದು ಅವಳ ಕೈಗಿಟ್ಟ. "ಎಲ್ಲಾ ಇದರಲ್ಲೇ ಇದೆ. ನನ್ನ ಕಂಪ್ಯೂಟರಲ್ಲಿ ಏನೂ ಉಳಿಸಿಲ್ಲ. ಕೇಳ್ದೇ ಮಾಡ್ದೆ, ಇನ್ನು ಕೇಳ್ದೇ ಅಳಿಸೋದೂ ಬೇಡ ಅನ್ನಿಸ್ತು."

ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಸತ್ಯ ಹೇಳು. ಯಾವ ದನಿ ಚಂದ ಉಂಟು?"

ಲಿಖಿತ್ ತಡವರಿಸಲಿಲ್ಲ. "ಹಳೇದು ಚೆನ್ನಾಗಿದೆ. ಸುಳ್ಳು ಹೇಳಲ್ಲ. ಆದ್ರೆ ಕೇಳ್ತಿದ್ದಾಗ ಯಾರೋ ಪರಿಚಯ ಇಲ್ದಿರೋ ಹುಡುಗಿ ಅನ್ನಿಸ್ತು. ಆ ಹುಡುಗೀನ ನಾನು ನೋಡೇ ಇಲ್ವಲ್ಲ. ನಾನು ದಿನಾ ಬೆವರ್ಕೊಂಡು ಕೂತು ಕೇಳಿದ್ದು ಈ ದನೀನ. ನಾನು ಪ್ರೀತಿ..."

ಇನ್ನೊಂದು ವಿಮಾನ ಬಂತು!

"ಎಂತ? ಕೇಳುದಿಲ್ಲ!"

"ನಿಮ್ಮನ್ನ ಪ್ರೀತಿಸ್ತೀನಿ ಅಂದೆ!" ಎಂದು ಅವನು ಕೂಗುವಷ್ಟರಲ್ಲಿ ವಿಮಾನ ದಾಟಿಹೋಗಿತ್ತು. ಸಂತೆಗೆಲ್ಲ ಕೇಳಿಸಿತು.

ಲಿಖಿತ್‌ನ ಕಿವಿ ಕೆಂಪೇರಿತು. ಪ್ರಣಮ್ಯಾ ತುಟಿ ಕಚ್ಚಿ ನಗು ತಡೆಯಲು ನೋಡಿದಳು. ಆಗಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡಳು.

"ಇಡೀ ಕಾದಂಬರಿ ನನಗೇ ಕೊಟ್ಟಿದ್ದಾರೆ ಗೊತ್ತುಂಟಾ? ಇದೇ ದನಿಗೆ. ಮೊದಲು ನಿನಗೇ ಹೇಳಬೇಕು ಅನ್ನಿಸಿತು. ಅದಕ್ಕೂ ನಿನ್ನ ಮೇಲೆ ಸಿಟ್ಟು ಬಂತು."

"ಅಂದ್ರೆ... ನೀವೂ..."

"ಹೌದು ಮಾರಾಯಾ! ಇನ್ನು ಹೇಗೆ ಹೇಳುದು? ನಾನೂ ಕಿರುಚಬೇಕಾ?"

ಅವನು ಅವಳ ಕೈ ಹಿಡಿಯಲು ಕೈ ಚಾಚಿ, ಅರ್ಧದಲ್ಲೇ ನಿಲ್ಲಿಸಿ ಕೇಳಿದ, "ಹಿಡ್ಕೋಬೋದಾ?"

ಅವಳು ತಾನೇ ಹಿಡಿದುಕೊಂಡಳು.

"ಸಿಟ್ಟು ಇಳೀತಾ?"

"ಎಲ್ಲಿಂದ? ಇನ್ನೂ ತುಂಬಾ ಉಂಟು. ಇವತ್ತಿಗೆ ಮುಗಿಯುದಿಲ್ಲ."

"ಹಾಗಾದ್ರೆ ನಾಳೆ ಬಂದು ಬೈಸ್ಕೊಳ್ಲಾ?"

"ನಾಳೆ ಎಂತಕ್ಕೆ? ಈಗಲೇ ನಡಿ. ದಾರಿಯುದ್ದಕ್ಕೂ ಬೈತೇನೆ."

"ಬೈಯಿರಿ" ಎಂದ ಲಿಖಿತ್, ಬೆರಳುಗಳನ್ನು ಬಿಗಿಗೊಳಿಸುತ್ತ. "ನಾನು ಕೇಳ್ತಿರ್ತೀನಿ."